ಜೋಡಿ ಕಟ್ಟಿದವರು ಯಾರು?

ಬಾಣಾವರದ ಸುತ್ತಮುತ್ತ ಬಾಕ್ಸಿಂಗ್ ಆಡಿದವರನ್ನು ಹುಡುಕುವುದು ಕಷ್ಟ. ಬಾಕ್ಸಿಂಗ್ ಬಗ್ಗೆ ವಾದ ಮಾಡುವವರಿಗೆ ಮಾತ್ರ ಬರವಿಲ್ಲ. ಅರಸೀಕೆರೆ ಬಿಟ್ಟ ರೈಲು ಕಡೂರು ಮುಟ್ಟುವ ಮೊದಲು ಸಿಗುವ ಊರು ನಮ್ಮದು. ಕೊಬ್ಬರಿ ದರ, ಮಳೆ, ರಾಜಕೀಯ ಮೂರೂ ಮುಗಿದ ಮೇಲೆ ಮಾತು ಆಟದ ಕಡೆ ಹೊರಳುತ್ತದೆ. ಹೆಚ್ಚಾಗಿ ಕ್ರಿಕೆಟ್ಟೇ. ಅದರಲ್ಲೂ ಜಾವಗಲ್ ಪಕ್ಕದಲ್ಲೇ ಇರುವುದರಿಂದ ವೇಗದ ಬೌಲರ್ ಯಾರು ದೊಡ್ಡವರು ಎಂಬ ಪ್ರಶ್ನೆಗೆ ಇಲ್ಲಿ ತೀರ್ಪು ಮೊದಲೇ ಬರೆದಿಟ್ಟಿದೆ, ವಾದಕ್ಕೆ ಆಸ್ಪದವಿಲ್ಲ. ಬಾಕ್ಸಿಂಗ್ ಹಾಗಲ್ಲ. ಅಲ್ಲಿ ನಮ್ಮವರು ಯಾರೂ ಇಲ್ಲವಾದ್ದರಿಂದ ಎಲ್ಲರೂ ನ್ಯಾಯಾಧೀಶರೇ.

ಟೀವಿಯಲ್ಲಿ ಟೈಸನ್ ಹೊಡೆತ ನೋಡಿ ಬೆಳೆದವರು ಟೈಸನ್ ಅನ್ನುತ್ತಾರೆ. ಮೊಬೈಲಿನಲ್ಲಿ ತುಣುಕು ವಿಡಿಯೊ ನೋಡುವ ಹುಡುಗರು ಮೇವೆದರ್ ಅನ್ನುತ್ತಾರೆ, ‘ಐವತ್ತಕ್ಕೆ ಐವತ್ತು’ ಎಂದು ಬೆರಳು ತೋರಿಸುತ್ತಾರೆ. ಉಳಿದವರೆಲ್ಲರದೂ ಒಂದೇ ಮಾತು: ‘ಅಲಿ ಬಿಟ್ರೆ ಇನ್ಯಾರಣ್ಣ?’ ಇಂಥ ಒಂದು ವಾದದ ನಡುವೆ, ಹರೆಯದಲ್ಲಿ ಗರಡಿ ಮಣ್ಣು ಮೆತ್ತಿಕೊಂಡಿದ್ದ ಹಿರಿಯರೊಬ್ಬರು ಸುಮ್ಮನೆ ಕೇಳಿಸಿಕೊಂಡು ಕೂತಿದ್ದವರು ಬಾಯಿ ಹಾಕಿದರು: ‘ಗೆದ್ದಿದ್ದೆಲ್ಲ ಇರ್ಲಿ ಕಣಪ್ಪ. ಜೋಡಿ ಯಾರು? ಆ ಜೋಡಿ ಕಟ್ಟಿದೋರು ಯಾರು?’

ಅವರಿಗೆ ಅಲಿ ಹೆಸರು ಗೊತ್ತು, ಉಳಿದವರು ಗೊತ್ತಿಲ್ಲ. ಆದರೆ ಈ ಜಗಳದಲ್ಲಿ ನಾನು ಕೇಳಿದ ಅತಿ ಬುದ್ಧಿವಂತಿಕೆಯ ಪ್ರಶ್ನೆ ಅದೇ. ಬಾಕ್ಸಿಂಗ್ ಪಂಡಿತರು ನೂರು ವರ್ಷದಿಂದ ಪಟ್ಟಿ ಮಾಡುತ್ತಿದ್ದಾರೆ. ಎಷ್ಟು ಗೆಲುವು, ಎಷ್ಟು ನಾಕೌಟ್, ಎಷ್ಟು ವರ್ಷ ಪಟ್ಟ ಉಳಿಸಿಕೊಂಡ ಎಂಬ ಲೆಕ್ಕ ಹಾಕುತ್ತಾರೆ. ಯಾರ ಎದುರು ಯಾರನ್ನು ನಿಲ್ಲಿಸಲಾಯಿತು, ಯಾರನ್ನು ನಿಲ್ಲಿಸಲೇ ಇಲ್ಲ ಎಂಬುದು ಆ ಪಟ್ಟಿಗಳಲ್ಲಿ ಅಡಿಟಿಪ್ಪಣಿಯಾಗಿ ಬರುತ್ತದೆ. ನನ್ನ ಪ್ರಕಾರ ಅದೇ ಮೊದಲ ಪುಟ.

ಕುಸ್ತಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವ ಕಾರ್ಯಕ್ರಮವೇ ಬೇರೆ ನಡೆಯುತ್ತದೆ. ಬೇರೆ ಬೇರೆ ಗರಡಿಗಳ ಪೈಲ್ವಾನರು, ಉಸ್ತಾದರು ಸೇರುತ್ತಾರೆ. ವಯಸ್ಸು, ತೂಕ, ಹಿಂದೆ ಯಾರ ಜತೆ ಆಡಿದ್ದ, ಚಿತ್ ಮಾಡಿದ್ದನೋ ಚಿತ್ ಆಗಿದ್ದನೋ ಎಲ್ಲ ನೋಡಿ ಇಬ್ಬರ ಕೈ ಕೂಡಿಸುತ್ತಾರೆ. ಅಲ್ಲಿ ಉಸ್ತಾದರ ಕಣ್ಣು ಹುಡುಗನ ಭುಜದ ಮೇಲಲ್ಲ, ಕುತ್ತಿಗೆ, ತೊಡೆ, ನಿಂತ ಭಂಗಿಯ ಮೇಲೆ. ಸಾಹುಕಾರ್ ಚನ್ನಯ್ಯ ಅಖಾಡದ ಮಟ್ಟಿಯಲ್ಲಾಗಲಿ, ಯಾವುದೋ ಹಳ್ಳಿ ಜಾತ್ರೆಯಲ್ಲಾಗಲಿ, ಜೋಡಿ ಸರಿಯಿಲ್ಲದಿದ್ದರೆ ಜನ ಅಲ್ಲೇ ಕೂಗುತ್ತಾರೆ. ಎಳೆಯನನ್ನು ತಂದು ಹಳಬನ ಎದುರು ನಿಲ್ಲಿಸಿ ಗೆದ್ದ ಗದೆಗೆ ಬೆಲೆಯಿಲ್ಲ.

ಕನ್ನಡ ನಾಡಿನಲ್ಲಿ ಬಾಕ್ಸಿಂಗಿಗೆ ಹತ್ತಿರದ ನೆಂಟಸ್ತಿಕೆ ಇರುವುದು ಕುಸ್ತಿಗಿಂತ ವಜ್ರಮುಷ್ಟಿಗೆ. ವಿಜಯದಶಮಿಯ ದಿನ ಮೈಸೂರು ಅರಮನೆಯ ಒಳಾಂಗಣದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳಿಂದ ಬಂದವರು ತಲೆ ಬೋಳಿಸಿಕೊಂಡು, ಬಲಗೈ ಗೆಣ್ಣುಗಳ ಮೇಲೆ ಮೊನೆಗಳಿರುವ ಆಯುಧ ತೊಟ್ಟು ಮಣ್ಣಿಗಿಳಿಯುತ್ತಾರೆ. ಎದುರಾಳಿಯ ತಲೆಯಿಂದ ಒಂದು ಹನಿ ರಕ್ತ ಕಂಡಿತೋ, ಕಾಳಗ ಮುಗಿಯಿತು. ಬಹಳ ಸಲ ಎರಡು ನಿಮಿಷವೂ ಹಿಡಿಯುವುದಿಲ್ಲ. ನೋಡಲು ಬಂದವರು ಕತ್ತು ಉದ್ದ ಮಾಡುವಷ್ಟರಲ್ಲಿ ಇಬ್ಬರನ್ನೂ ಬಿಡಿಸಿರುತ್ತಾರೆ. ಆಮೇಲೆ ರಾಜಮನೆತನದವರ ವಿಜಯಯಾತ್ರೆ.

ಇಲ್ಲಿ ಗಮನಿಸಬೇಕಾದ್ದು ರಕ್ತವನ್ನಲ್ಲ. ಈ ಕಾಳಗದ ಹಿಂದೆ ಜೋಡಿಗಳನ್ನು ಸರಿತೂಗಿಸುವ ಹಿರಿಯ ಉಸ್ತಾದರಿದ್ದಾರೆ. ‘ಸಾರ್ವಕಾಲಿಕ ಶ್ರೇಷ್ಠ ಜಟ್ಟಿ ಯಾರು’ ಎಂಬ ಪ್ರಶ್ನೆ ಆ ಮಣ್ಣಿನಲ್ಲಿ ಹುಟ್ಟುವುದೇ ಇಲ್ಲ. ಮೊದಲ ಹನಿಗೇ ನಿಲ್ಲುವ ಆಟದಲ್ಲಿ ಒಬ್ಬನನ್ನು ಎಲ್ಲರಿಗಿಂತ ಮೇಲೆ ಕೂರಿಸುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಬಾಕ್ಸಿಂಗ್ ತದ್ವಿರುದ್ಧ. ಅದು ಹುಟ್ಟಿದ್ದೇ ಬಾಜಿ ಹಣದಲ್ಲಿ, ಬೆಳೆದದ್ದು ಟಿಕೆಟಿನಲ್ಲಿ, ಈಗ ಬದುಕಿರುವುದು ಟೀವಿ ಹಕ್ಕಿನಲ್ಲಿ. ಅಲ್ಲಿ ಜೋಡಿ ಕಟ್ಟುವವನು ಉಸ್ತಾದನಲ್ಲ, ವ್ಯಾಪಾರಿ.

1910ನೇ ಇಸವಿಯನ್ನೇ ತೆಗೆದುಕೊಳ್ಳಿ. ಆ ವರ್ಷ ಜುಲೈ 4ರಂದು ಅಮೆರಿಕದ ರೆನೊ ಎಂಬ ಊರಿನಲ್ಲಿ ಜಾಕ್ ಜಾನ್ಸನ್ ಎಂಬ ಕಪ್ಪು ವರ್ಣದ ಚಾಂಪಿಯನ್, ಜೇಮ್ಸ್ ಜೆಫ್ರೀಸ್ ಎಂಬ ಬಿಳಿಯ ಮಾಜಿ ಚಾಂಪಿಯನ್ನನ್ನು 15ನೇ ಸುತ್ತಿನಲ್ಲಿ ಮಣಿಸಿದ. ಜೆಫ್ರೀಸ್ 1905ರಲ್ಲೇ ಸೋಲಿಲ್ಲದೆ ನಿವೃತ್ತನಾಗಿದ್ದವನು. ಕಪ್ಪು ಜನರ ಜತೆ ಪಟ್ಟಕ್ಕಾಗಿ ಆಡುವುದಿಲ್ಲ ಎಂದು ಹೇಳಿಕೊಂಡೇ ಗದ್ದುಗೆ ಬಿಟ್ಟಿದ್ದ. ಅವನನ್ನು ಮತ್ತೆ ಎಳೆದು ತಂದದ್ದು ಜಾನ್ಸನ್ನನ ಬಾಯಿ ಮುಚ್ಚಿಸಲು. ಆಗಲಿಲ್ಲ. ಆ ರಾತ್ರಿ ಅಮೆರಿಕದ ಊರೂರಲ್ಲಿ ದೊಂಬಿ ಎದ್ದು ಜನ ಸತ್ತರು. ಆ ಪಂದ್ಯದ ಸಿನಿಮಾ ತೋರಿಸಬಾರದೆಂದು ಎಷ್ಟೋ ಕಡೆ ತಡೆದರು. 1912ರಲ್ಲಿ ಬಾಕ್ಸಿಂಗ್ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದಕ್ಕೇ ಕಾನೂನಿನ ತಡೆ ಬಿತ್ತು.

1910ರಲ್ಲೇ, ಸೆಪ್ಟೆಂಬರ್ 10ರಂದು, ಲಂಡನ್ನಿನಲ್ಲಿ ನಮ್ಮ ಗಾಮಾ, ಪೋಲೆಂಡಿನ ಝಬಿಸ್ಕೊ ಎಂಬ ದೈತ್ಯನ ಜತೆ ಕುಸ್ತಿಗಿಳಿದ. ಝಬಿಸ್ಕೊ ನೆಲ ಕಚ್ಚಿ ಮಲಗಿದವನು ಎರಡೂವರೆ ಗಂಟೆಯಾದರೂ ಏಳಲಿಲ್ಲ, ಬೆನ್ನನ್ನೂ ಕೊಡಲಿಲ್ಲ. ಒಂದು ವಾರ ಬಿಟ್ಟು ಮತ್ತೆ ಆಡಬೇಕೆಂದು ನಿಗದಿಯಾಯಿತು. ಝಬಿಸ್ಕೊ ಬರಲೇ ಇಲ್ಲ, ಬೆಲ್ಟ್ ಗಾಮಾನ ಸೊಂಟಕ್ಕೆ ಬಂತು. ಅದಾದ ಮೇಲೆ ಆ ಕಾಲದ ದೊಡ್ಡ ಹೆಸರಿನ ಪಾಶ್ಚಾತ್ಯ ಪೈಲ್ವಾನರು ಗಾಮಾನ ಸವಾಲಿಗೆ ಒಪ್ಪಲಿಲ್ಲ. ಝಬಿಸ್ಕೊ ಮತ್ತೆ ಸಿಕ್ಕಿದ್ದು 1928ರಲ್ಲಿ, ಪಟಿಯಾಲದಲ್ಲಿ. ಆ ಸಲ ಒಂದು ನಿಮಿಷವೂ ಬೇಕಾಗಲಿಲ್ಲ. ಐವತ್ತರ ಆಸುಪಾಸಿನ ಗಾಮಾ ಅವನನ್ನು ಎತ್ತಿ ಹಾಕಿದ. ನಮ್ಮ ಗರಡಿಗಳಲ್ಲಿ ಇಂದಿಗೂ ಈ ಕಥೆ ಹೇಳುವಾಗ ಸಮಯ ನಿಮಿಷದಿಂದ ಸೆಕೆಂಡಿಗೆ, ಸೆಕೆಂಡಿನಿಂದ ಚಿಟಿಕೆಗೆ ಇಳಿಯುತ್ತ ಹೋಗುತ್ತದೆ, ಇರಲಿ.

ಜಾನ್ಸನ್ ಕಥೆಗೆ ಒಂದು ಬಾಲವಿದೆ, ಅದನ್ನು ಅಭಿಮಾನಿಗಳು ಮುಚ್ಚಿಡುತ್ತಾರೆ. ಪಟ್ಟಕ್ಕೇರಿದ ಮೇಲೆ ಜಾನ್ಸನ್ ಕೂಡ ಕಪ್ಪು ಎದುರಾಳಿಗಳನ್ನು ದೂರವೇ ಇಟ್ಟ. ಅವರಲ್ಲಿ ಮುಖ್ಯನಾದವನು ಸ್ಯಾಮ್ ಲ್ಯಾಂಗ್‌ಫರ್ಡ್. ಕೆನಡಾದ ನೋವಾ ಸ್ಕೋಶಿಯದ ಹಳ್ಳಿ ಹುಡುಗ, ಎತ್ತರ ಸುಮಾರು ಐದಡಿ ಏಳಂಗುಲ. ಹಗುರ ತೂಕದಿಂದ ಭಾರಿ ತೂಕದವರೆಗೆ ಸಿಕ್ಕಸಿಕ್ಕವರ ಜತೆ ಆಡಿದವನು. 1906ರಲ್ಲಿ, ತಾನಿನ್ನೂ ವಿಶ್ವ ಚಾಂಪಿಯನ್ ಆಗಿರದ ಕಾಲದಲ್ಲಿ, ಜಾನ್ಸನ್ ಅವನನ್ನು ಒಮ್ಮೆ ಸೋಲಿಸಿದ್ದ. ಆಮೇಲೆ ಲ್ಯಾಂಗ್‌ಫರ್ಡ್ ಬಲಿತ, ಜಾನ್ಸನ್ ಚಾಂಪಿಯನ್ ಆದ. ಮತ್ತೆ ಆ ಜೋಡಿ ಕಟ್ಟಲೇ ಇಲ್ಲ. ಇಬ್ಬರು ಕಪ್ಪು ಜನ ಆಡಿದರೆ ಟಿಕೆಟ್ ಹೋಗುವುದಿಲ್ಲ ಎಂಬುದು ಲೆಕ್ಕ. ಬಿಳಿಯರು ತನಗೆ ಮಾಡಿದ್ದನ್ನೇ ಜಾನ್ಸನ್ ತನ್ನವರಿಗೆ ಮಾಡಿದ.

ಪಟ್ಟದ ಬಾಗಿಲು ಮುಚ್ಚಿದ ಮೇಲೆ ಈ ಜನ ಏನು ಮಾಡಬೇಕು? ಹೊಟ್ಟೆಪಾಡಿಗೆ ತಮ್ಮತಮ್ಮಲ್ಲೇ ಹೊಡೆದಾಡಿದರು. ಲ್ಯಾಂಗ್‌ಫರ್ಡ್ ಮತ್ತು ಹ್ಯಾರಿ ವಿಲ್ಸ್ ಎಂಬ ಇನ್ನೊಬ್ಬ ಕಪ್ಪು ಆಟಗಾರ ಹದಿನೈದಕ್ಕೂ ಹೆಚ್ಚು ಸಲ ಎದುರುಬದುರಾದರು. ಒಂದೇ ಮದ್ದಳೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದಂತೆ. ವಿಲ್ಸನಿಗೆ ಮುಂದೆ ಚಾಂಪಿಯನ್ ಡೆಂಪ್ಸಿಯ ಜತೆ ಪಂದ್ಯ ಎಂದು ಕರಾರಿಗೆ ಸಹಿಯೂ ಬಿತ್ತು, ಪಂದ್ಯ ನಡೆಯಲಿಲ್ಲ. ಲ್ಯಾಂಗ್‌ಫರ್ಡನ ಕಣ್ಣು ಹೋಗುತ್ತ ಬಂದರೂ ಆಡುತ್ತಲೇ ಇದ್ದ. 1944ರಲ್ಲಿ ಅಲ್ ಲೇನಿ ಎಂಬ ನ್ಯೂಯಾರ್ಕ್ ಪತ್ರಕರ್ತ ಅವನನ್ನು ಹುಡುಕಿಕೊಂಡು ಹೊರಟಾಗ ಹಾರ್ಲೆಮ್ಮಿನ ಒಂದು ಕೋಣೆಯಲ್ಲಿ ಕುರುಡನಾಗಿ, ಕೈಯಲ್ಲಿ ಕಾಸಿಲ್ಲದೆ ಕೂತಿದ್ದ. ವರದಿ ಓದಿದ ಜನ ದುಡ್ಡು ಕೂಡಿಸಿ ನಿಧಿ ಮಾಡಿದರು. 1956ರಲ್ಲಿ ತೀರಿಕೊಂಡ. ವಿಶ್ವ ಚಾಂಪಿಯನ್ನರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಹಾಗಾಗಿ ‘ಶ್ರೇಷ್ಠ ವಿಶ್ವ ಚಾಂಪಿಯನ್ ಯಾರು’ ಎಂದು ಕೇಳಿದ ಕೂಡಲೇ ಅವನು ಪ್ರಶ್ನೆಯ ಹೊರಗೆ ಉಳಿದುಬಿಡುತ್ತಾನೆ.

ಈಗ ಅಂಕಿಸಂಖ್ಯೆಯ ಭಕ್ತರ ಕಡೆ ಬರೋಣ, ಬೇಗ ಮುಗಿಸೋಣ. ರಾಕಿ ಮಾರ್ಸಿಯಾನೊ 49 ಪಂದ್ಯ ಆಡಿ 49 ಗೆದ್ದು 1956ರಲ್ಲಿ ನಿವೃತ್ತನಾದ. ಅಪ್ಪಟ ಛಲದ ಮನುಷ್ಯ, ಒಪ್ಪಿದೆ. ಆದರೆ ಅವನು ಸೋಲಿಸಿದ ದೊಡ್ಡ ಹೆಸರುಗಳನ್ನು ನೋಡಿ: ಜೋ ಲೂಯಿ, ಜೆರ್ಸಿ ಜೋ ವಾಲ್ಕಾಟ್, ಆರ್ಚಿ ಮೂರ್. ಮೂವರೂ ಮೂವತ್ತೇಳು ದಾಟಿದವರು. ಫ್ಲಾಯ್ಡ್ ಮೇವೆದರ್ 50ಕ್ಕೆ 50. ಐವತ್ತನೆಯದು 2017ರಲ್ಲಿ ಮೆಕ್‌ಗ್ರೆಗರ್ ಎಂಬವನ ಎದುರು, ಅವನು ಅದಕ್ಕೆ ಮೊದಲು ವೃತ್ತಿಪರ ಬಾಕ್ಸಿಂಗಿನ ಒಂದು ಪಂದ್ಯವನ್ನೂ ಆಡಿದವನಲ್ಲ. ಇನ್ನು ಪಕ್ವಿಯಾವೊ ಜತೆಗಿನ ಪಂದ್ಯಕ್ಕಾಗಿ ಲೋಕವೆಲ್ಲ ಐದಾರು ವರ್ಷ ಕಾದಿತು. 2015ರಲ್ಲಿ ಅದು ನಡೆಯುವ ಹೊತ್ತಿಗೆ ಇಬ್ಬರ ಹರೆಯವೂ ಇಳಿದಿತ್ತು. ಮೇವೆದರ್ ರಿಂಗಿನೊಳಗೆ ಎಂಥ ಜಾಣನೋ, ಜೋಡಿ ಕಟ್ಟಿಕೊಳ್ಳುವುದರಲ್ಲಿ ಅದಕ್ಕಿಂತ ಜಾಣ. ಶ್ರೇಷ್ಠ ವ್ಯಾಪಾರಿಯ ಪಟ್ಟಿ ಮಾಡಿದರೆ ನನ್ನ ಮತ ಅವನಿಗೇ.

ಜೋ ಲೂಯಿಯದ್ದು ಬೇರೆ ತೂಕ. 1937ರಿಂದ 1949ರವರೆಗೆ ಪಟ್ಟ, 25 ಸಲ ಅದನ್ನು ಉಳಿಸಿಕೊಂಡ. ಕೆಲವು ಎದುರಾಳಿಗಳು ತೀರ ಸಾಧಾರಣದವರು ಎಂದು ಆ ಕಾಲದ ಪತ್ರಿಕೆಗಳೇ ಕುಹಕವಾಡಿದವು. ಆದರೂ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ 1936ರಲ್ಲಿ ತನ್ನನ್ನು ಕೆಡವಿದ್ದನ್ನು ಲೂಯಿ ಮರೆಯಲಿಲ್ಲ. ಅವನನ್ನು ಸೋಲಿಸುವವರೆಗೆ ತನ್ನನ್ನು ಚಾಂಪಿಯನ್ ಅನ್ನಬೇಡಿ ಎಂದ. 1938ರ ಜೂನ್ 22ರಂದು 124 ಸೆಕೆಂಡಿನಲ್ಲಿ ಆ ಬಾಕಿ ತೀರಿಸಿದ.

ಈ ಜಗಳವನ್ನು ಯಂತ್ರದಿಂದ ಬಗೆಹರಿಸಲು ಹೊರಟವರೂ ಇದ್ದರು. ಅಮೆರಿಕದ ಮುರ್ರೆ ವೊರೊನರ್ ಎಂಬ ನಿರ್ಮಾಪಕ ಹಳೆಯ, ಹೊಸ ಚಾಂಪಿಯನ್ನರ ಅಂಕಿಅಂಶಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ 1967ರಲ್ಲಿ ರೇಡಿಯೊದಲ್ಲಿ ಕಾಲ್ಪನಿಕ ಪಂದ್ಯಾವಳಿ ನಡೆಸಿದ. ಅದರಲ್ಲಿ ಅಲಿ, ಅದೇ ಜೆಫ್ರೀಸ್‌ಗೆ ಸೋತ. ಅಲಿ ಸುಮ್ಮನಿರುತ್ತಾನೆಯೇ? ಕೋರ್ಟಿಗೆ ಹೋದ. ಆಮೇಲೆ ರಾಜಿಯಾಗಿ, 1969ರಲ್ಲಿ ಅಲಿಯನ್ನೂ ನಿವೃತ್ತ ಮಾರ್ಸಿಯಾನೊನನ್ನೂ ಒಂದೇ ರಿಂಗಿಗೆ ಇಳಿಸಿ ಹೊಡೆದಾಟದ ಚಿತ್ರೀಕರಣ ಮಾಡಿದರು. ಮಾರ್ಸಿಯಾನೊ ಮೈ ಇಳಿಸಿಕೊಂಡು, ಬೊಕ್ಕತಲೆಗೆ ಟೋಪನ್ ಹಾಕಿಕೊಂಡು ಬಂದಿದ್ದ. ಸಿನಿಮಾ ಬಿಡುಗಡೆಯಾದದ್ದು 1970ರ ಜನವರಿಯಲ್ಲಿ. ಅದನ್ನು ನೋಡಲು ಮಾರ್ಸಿಯಾನೊ ಉಳಿದಿರಲಿಲ್ಲ. 1969ರ ಆಗಸ್ಟ್ 31ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಅಮೆರಿಕದ ಚಿತ್ರಮಂದಿರಗಳಲ್ಲಿ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಗೆದ್ದ. ಯುರೋಪಿನ ಕೆಲವೆಡೆ ತೋರಿಸಿದ ಪ್ರತಿಯಲ್ಲಿ ಅಲಿ ಗೆದ್ದ. ಕಂಪ್ಯೂಟರೂ ಜೋಡಿ ಕಟ್ಟುವ ವ್ಯಾಪಾರಿಯ ಮಾತನ್ನೇ ಕೇಳಿತ್ತು.

ನನ್ನ ಮೊದಲ ಮತ ಶುಗರ್ ರೇ ರಾಬಿನ್ಸನ್‌ಗೆ. ಇದು ಹೊಸ ಮಾತೇನಲ್ಲ. ಅಲಿಯೇ ಅವನನ್ನು ಗುರು ಎಂಬಂತೆ ಕಾಣುತ್ತಿದ್ದ. ಆದರೆ ಎಲ್ಲರೂ ಹೇಳುವ ಕಾರಣ ಬೇರೆ, ನನ್ನದು ಬೇರೆ. ಅವನ ಕಾಲಿನ ಚುರುಕು, ಎರಡೂ ಕೈಯ ಹೊಡೆತ, ಹಿಂದೆ ಸರಿಯುತ್ತಲೇ ಕೆಡವುವ ವಿದ್ಯೆ ಎಲ್ಲ ಸರಿ. ನನಗೆ ದೊಡ್ಡದಾಗಿ ಕಾಣುವುದು ಅವನ ದಿನಚರಿ. 1943ರ ಫೆಬ್ರವರಿ 5ರಂದು ಡೆಟ್ರಾಯಿಟಿನಲ್ಲಿ ಜೇಕ್ ಲಮೊಟಾ ಅವನಿಗೆ ಮೊದಲ ಸೋಲು ಉಣಿಸಿದ. ಅಲ್ಲಿಯವರೆಗೆ ನಲವತ್ತು ಪಂದ್ಯ ಸೋಲಿಲ್ಲದೆ ಬಂದಿದ್ದವನು. ಈ ಕಾಲದ ಆಟಗಾರನಾಗಿದ್ದರೆ ಒಂದು ವರ್ಷ ವಿಶ್ರಾಂತಿ, ಹೊಸ ಕೋಚ್, ಎರಡು ಸುಲಭದ ಪಂದ್ಯ. ರಾಬಿನ್ಸನ್ ಹದಿನಾಲ್ಕು ದಿನ ಬಿಟ್ಟು ನ್ಯೂಯಾರ್ಕಿನಲ್ಲಿ ಜಾಕಿ ವಿಲ್ಸನ್ ಜತೆ ಆಡಿದ. ಮತ್ತೆ ಏಳು ದಿನಕ್ಕೆ ಅದೇ ಡೆಟ್ರಾಯಿಟಿಗೆ ಹೋಗಿ ಅದೇ ಲಮೊಟಾನನ್ನು ಸೋಲಿಸಿ ಬಂದ. ಆ ಮೊದಲ ಸೋಲಿನ ನಂತರ ಎರಡನೆಯ ಸೋಲು ಬಂದದ್ದು 1951ರ ಜುಲೈಯಲ್ಲಿ, ಲಂಡನ್ನಿನಲ್ಲಿ ರ್‍ಯಾಂಡಿ ಟರ್ಪಿನ್ ಕೈಯಲ್ಲಿ. ನಡುವೆ 90ಕ್ಕೂ ಹೆಚ್ಚು ಪಂದ್ಯ.

1952ರ ಜೂನ್ 25ರ ರಾತ್ರಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂ, ಸುಮಾರು 48 ಸಾವಿರ ಜನ. ಮಿಡ್ಲ್‌ವೆಯ್ಟ್ ಚಾಂಪಿಯನ್ ಆಗಿದ್ದ ರಾಬಿನ್ಸನ್, ತನಗಿಂತ ಏಳು ಕಿಲೋ ಹೆಚ್ಚು ತೂಗುವ ಜೋಯಿ ಮ್ಯಾಕ್ಸಿಮ್‌ನ ಪಟ್ಟಕ್ಕೆ ಕೈ ಹಾಕಿದ್ದ. ರಿಂಗಿನ ಬಳಿ ಸೆಕೆ 40 ಡಿಗ್ರಿ. ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ತೆಂಗಿನಮರಗಳೂ ಸೊರಗುವ ದಿನಗಳಲ್ಲೂ ಅಷ್ಟು ಏರುವುದು ಅಪರೂಪ. ಮೇಲೆ ದೀಪಗಳ ಕಾವು ಬೇರೆ. ಹತ್ತು ಸುತ್ತು ಮುಗಿಯುವಷ್ಟರಲ್ಲಿ ರೆಫರಿ ರೂಬಿ ಗೋಲ್ಡ್‌ಸ್ಟೀನ್ ನಿಲ್ಲಲಾರದೆ ಕೆಳಗಿಳಿದ. ಬದಲಿ ರೆಫರಿಯನ್ನು ಹತ್ತಿಸಬೇಕಾಯಿತು. ರಾಬಿನ್ಸನ್ ಕುಣಿಯುತ್ತ, ಹೊಡೆಯುತ್ತ ಎಲ್ಲ ತೀರ್ಪುಗಾರರ ಲೆಕ್ಕದಲ್ಲೂ ಮುಂದಿದ್ದ. 13ನೇ ಸುತ್ತಿನಲ್ಲಿ ಬೀಸಿದ ಹೊಡೆತ ಗುರಿ ತಪ್ಪಿ, ಆ ರಭಸಕ್ಕೆ ತಾನೇ ಬೋರಲು ಬಿದ್ದ. ಎಳೆದು ತಂದು ಸ್ಟೂಲಿನ ಮೇಲೆ ಕೂರಿಸಿದರು. 14ನೇ ಸುತ್ತಿನ ಗಂಟೆಗೆ ಏಳಲಾಗಲಿಲ್ಲ. ಇನ್ನೂರರಷ್ಟು ಪಂದ್ಯಗಳ ಬದುಕಿನಲ್ಲಿ ಹೀಗೆ ಆಟ ಮುಗಿಸಲಾಗದೆ ಸೋತದ್ದು ಅದೊಂದೇ ಸಲ. ಮ್ಯಾಕ್ಸಿಮ್ ಗೆದ್ದ ಎಂದು ದಾಖಲೆ ಹೇಳುತ್ತದೆ. ಗೆದ್ದದ್ದು ಸೆಕೆ. ಈ ಸೋಲಿಗಾಗಿಯೇ ನಾನು ರಾಬಿನ್ಸನ್ನನಿಗೆ ಹೆಚ್ಚು ಅಂಕ ಕೊಡುತ್ತೇನೆ, ಏಕೆಂದರೆ ಈ ಜೋಡಿ ಅವನಿಗೆ ಬೇಕಿರಲಿಲ್ಲ. ತನ್ನ ತೂಕದಲ್ಲಿ ಎದುರಾಳಿ ಉಳಿಯದಿದ್ದಾಗ ಮೇಲಿನ ತೂಕದವನನ್ನು ತಾನೇ ಹುಡುಕಿಕೊಂಡು ಹೋದ.

ಅವನ ಕೈಗೆ ಅಂಟಿದ ಒಂದು ಸಾವೂ ಇದೆ. 1947ರ ಜೂನಿನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಜಿಮ್ಮಿ ಡೊಯಲ್ ಎಂಬ ಯುವಕ ಅವನ ಹೊಡೆತಕ್ಕೆ ಬಿದ್ದವನು ಮತ್ತೆ ಏಳಲಿಲ್ಲ. ಹಿಂದಿನ ರಾತ್ರಿಯೇ ರಾಬಿನ್ಸನ್ನನಿಗೆ ಇದೇ ಕನಸು ಬಿದ್ದಿತ್ತು. ಆಡುವುದಿಲ್ಲ ಎಂದಿದ್ದ, ಸಮಾಧಾನ ಹೇಳಿ ರಿಂಗಿಗೆ ಕಳಿಸಿದರು. ಆಮೇಲೆ ಡೊಯಲ್ ತಾಯಿಗಾಗಿ ಹಣ ಇರಿಸಿದ. ಶ್ರೇಷ್ಠರ ಪಟ್ಟಿ ಮಾಡುವ ನಮ್ಮ ಉತ್ಸಾಹದಲ್ಲಿ ಇಂಥವು ಸಂಖ್ಯೆಯಾಗಿ ಸೇರಿಬಿಡುತ್ತವೆ: ‘ನಾಕೌಟ್ 109’. ಆ 109ರೊಳಗೆ ಡೊಯಲ್ ಕೂಡ ಇದ್ದಾನೆ.

ರಾಬಿನ್ಸನ್ ಮೇಲೂ ಜೋಡಿಯ ದೂರು ಇಲ್ಲದಿಲ್ಲ. ಪಿಟ್ಸ್‌ಬರ್ಗಿನ ಚಾರ್ಲಿ ಬರ್ಲಿ ಎಂಬ ಕಪ್ಪು ಆಟಗಾರನ ಜತೆ ಅವನು ಆಡಲೇ ಇಲ್ಲ. ಬರ್ಲಿಗೆ ವಿಶ್ವಪಟ್ಟದ ಅವಕಾಶ ಯಾರೂ ಕೊಡಲಿಲ್ಲ. ತಾನು ಎದುರಿಸಿದವರಲ್ಲಿ ಬರ್ಲಿಯೇ ಮೇಲು ಎಂದು ಆರ್ಚಿ ಮೂರ್ ಹೇಳಿದ್ದುಂಟು. ಆಟ ಮುಗಿಸಿದ ಬರ್ಲಿ ಅದೇ ಊರಿನಲ್ಲಿ ಕಸ ಎತ್ತುವ ಕೆಲಸ ಮಾಡಿ ಬದುಕಿದ. ಹಾಗೆ ನೋಡಿದರೆ ನನ್ನ ಮೊದಲನೆಯವನೂ ಪೂರ್ತಿ ನಿರ್ದೋಷಿಯಲ್ಲ. ಉಳಿದವರಿಗಿಂತ ಬಾಕಿ ಕಡಿಮೆ ಇಟ್ಟವನು, ಅಷ್ಟೆ.

ಅಲಿಯ ವಿಷಯಕ್ಕೆ ಬಂದರೆ, ಅವನನ್ನು ಎರಡನೆಯ ಸ್ಥಾನಕ್ಕೆ ಇಳಿಸಿದ್ದೇನೆ ಎಂದರೆ ಬಾಣಾವರದಲ್ಲಿ ನನಗೆ ಕಾಫಿ ಸಿಗುವುದು ಕಷ್ಟ. ಜೋಡಿಯ ಲೆಕ್ಕದಲ್ಲಿ ಹೆವಿವೆಯ್ಟ್‌ನಲ್ಲಿ ಅವನಿಗೆ ಸಾಟಿಯಿಲ್ಲ. ಲಿಸ್ಟನ್, ಫ್ರೇಜರ್ ಮೂರು ಸಲ, ನಾರ್ಟನ್ ಮೂರು ಸಲ, ಫೋರ್ಮನ್, ಲೈಲ್, ಶೇವರ್ಸ್. ಹೊಡೆದರೆ ಕಟ್ಟಡ ಅದುರುವ ಜನ. ಯಾರನ್ನೂ ಬಿಡಲಿಲ್ಲ. ಅದಕ್ಕಿಂತ ದೊಡ್ಡದು, 1967ರ ಏಪ್ರಿಲ್ 28ರಂದು ಹೂಸ್ಟನ್ನಿನಲ್ಲಿ ಸೇನೆಗೆ ಸೇರುವುದಿಲ್ಲ ಎಂದು ನಿಂತದ್ದು. ಪಟ್ಟ ಕಿತ್ತುಕೊಂಡರು, ಲೈಸೆನ್ಸ್ ಕಿತ್ತುಕೊಂಡರು. 25ರಿಂದ 28ರವರೆಗಿನ, ಮೈ ಅತ್ಯಂತ ಹದವಾಗಿರುವ ವರ್ಷಗಳಲ್ಲಿ ಅವನಿಗೆ ಜೋಡಿಯೇ ಇರಲಿಲ್ಲ. ಸರ್ಕಾರವೇ ಜೋಡಿ ಕಟ್ಟಲು ಬಿಡಲಿಲ್ಲ ಎನ್ನಬೇಕು. 1970ರ ಅಕ್ಟೋಬರಿನಲ್ಲಿ ರಿಂಗಿಗೆ ಮರಳಿದ ಅಲಿ ಹಳೆಯ ಕಾಲಿನ ಅಲಿಯಲ್ಲ. 1974ರ ಅಕ್ಟೋಬರ್ 30ರಂದು ಕಿನ್ಶಾಸದಲ್ಲಿ ಫೋರ್ಮನ್ನನ ಹೊಡೆತಗಳನ್ನು ಹಗ್ಗಕ್ಕೆ ಒರಗಿ ತಿನ್ನುತ್ತ, ಅವನನ್ನೇ ದಣಿಸಿ ಎಂಟನೇ ಸುತ್ತಿನಲ್ಲಿ ಕೆಡವಿದ್ದು ಕಾಲು ಹೋದ ಮೇಲೆ ಕಲಿತ ವಿದ್ಯೆ.

ಹಾಗಾದರೆ ಎರಡನೆಯದೇಕೆ? ಒಂದು, ಅವನ ಹಳೆಯ ಪಂದ್ಯಗಳನ್ನು ಈಗ ಕೂತು ನೋಡಿದರೆ ನಾರ್ಟನ್ ಜತೆಗಿನ ಮೂರನೆಯ ಪಂದ್ಯವನ್ನು ಅವನು ಗೆದ್ದ ಎಂದು ನನಗೆ ಅನ್ನಿಸುವುದೇ ಇಲ್ಲ. ಎರಡು, ಫ್ರೇಜರ್‌ಗೆ ಅವನು ಆಡಿದ ಮಾತುಗಳು. ಬಡತನದಿಂದ ಎದ್ದು ಬಂದವನನ್ನು ‘ಗೊರಿಲ್ಲ’ ಎಂದು ಲೇವಡಿ ಮಾಡಿ ಟಿಕೆಟ್ ಮಾರಿದ. 1975ರ ಮನಿಲಾ ಪಂದ್ಯದಲ್ಲಿ 14 ಸುತ್ತು ಇಬ್ಬರೂ ಸಾವಿನ ಅಂಚಿನಲ್ಲಿ ನಿಂತು ಹೊಡೆದಾಡಿದರು, ಕಣ್ಣು ಮುಚ್ಚಿಹೋಗಿದ್ದ ಫ್ರೇಜರ್‌ನನ್ನು ಅವನ ಉಸ್ತಾದ್ ಎಡ್ಡಿ ಫಚ್ 15ನೆಯದಕ್ಕೆ ಏಳಲು ಬಿಡಲಿಲ್ಲ. ಆ ಮಾತುಗಳ ಗಾಯ ಮಾತ್ರ ಫ್ರೇಜರ್ ಮನಸ್ಸಿನಲ್ಲಿ ಬಹಳ ವರ್ಷ ಮಾಗಲಿಲ್ಲ. ಗರಡಿಯಲ್ಲಿ ಮಟ್ಟಿಗೆ ನಮಸ್ಕಾರ ಹಾಕಿ, ಎದುರಾಳಿಯ ಕೈ ಮುಟ್ಟಿ ಆಟ ಶುರುಮಾಡುವ ಕ್ರಮ ನೋಡಿದವರಿಗೆ ಇದು ಒಗ್ಗುವುದಿಲ್ಲ.

ನಮ್ಮ ದೇಶಕ್ಕೂ ಅಲಿ ಬಂದದ್ದುಂಟು. 1980ರ ಆರಂಭದಲ್ಲಿ ದೆಹಲಿಯಲ್ಲಿ ಸೇನೆಯ ಬಾಕ್ಸರ್ ಕೌರ್ ಸಿಂಗ್ ಅವನ ಜತೆ ನಾಲ್ಕು ಸುತ್ತು ಪ್ರದರ್ಶನ ಪಂದ್ಯ ಆಡಿದರು. ಚೆನ್ನೈನಲ್ಲಿ, ಎಂಜಿಆರ್ ಮುಖ್ಯಮಂತ್ರಿಯಾಗಿದ್ದಾಗ, ಜಿಮ್ಮಿ ಎಲ್ಲಿಸ್ ಜತೆ ಅಲಿ ರಿಂಗಿಗಿಳಿದ. ಆ ಪಂದ್ಯ ನೋಡಲು ಕರ್ನಾಟಕದಿಂದ ಹೋಗಿದ್ದೆವು ಎಂದು ಹೇಳಿಕೊಳ್ಳುವವರನ್ನೆಲ್ಲ ನಂಬಿದರೆ ಅವತ್ತು ಬೆಂಗಳೂರು ಮೇಲ್ ಎರಡು ಸಲ ಓಡಿರಬೇಕು.

ಜೋಡಿಯ ಈ ಲೆಕ್ಕ ನಮಗೆ ಹೊಸದಲ್ಲ. ನಮ್ಮ ಅರಸೀಕೆರೆ, ತಿಪಟೂರು ಸೀಮೆಯಲ್ಲಿ ‘ಕುರುಕ್ಷೇತ್ರ’ ನಾಟಕ ಗೊತ್ತಿಲ್ಲದವರಿಲ್ಲ. ಬಾಡಿಗೆ ಸೀನರಿ, ಹಾರ್ಮೋನಿಯಂ ಮೇಷ್ಟ್ರು, ದುಡ್ಡು ಕೊಟ್ಟು ಪಾತ್ರ ಹಿಡಿಯುವ ಪೈಪೋಟಿ. ಅದರಲ್ಲಿ ದುರ್ಯೋಧನನ ಪಾತ್ರಕ್ಕೆ ಇರುವ ಬೇಡಿಕೆ ಧರ್ಮರಾಯನಿಗಿಲ್ಲ. ಕಾರಣ ಮಹಾಭಾರತದಲ್ಲೇ ಇದೆ. ಸೇನೆಯೆಲ್ಲ ಸತ್ತು, ಕೊಳದಿಂದ ಎದ್ದು ಬಂದ ದುರ್ಯೋಧನನಿಗೆ ಧರ್ಮರಾಯ ಹೇಳಿದ: ನಮ್ಮಲ್ಲಿ ಒಬ್ಬನನ್ನು ಆರಿಸಿಕೋ, ಅವನನ್ನು ಗೆದ್ದರೆ ರಾಜ್ಯ ನಿನ್ನದು. ಕೃಷ್ಣ ಸಿಡಿದೆದ್ದ. ಇದು ಮತ್ತೆ ಜೂಜಾಡಿದ ಹಾಗಾಯಿತಲ್ಲ, ಅವನು ನಕುಲನನ್ನೋ ಸಹದೇವನನ್ನೋ ಕೇಳಿದ್ದರೆ ಏನು ಗತಿ ಎಂದು ಬೈದ. ದುರ್ಯೋಧನ ಹಾಗೆ ಕೇಳಲಿಲ್ಲ. ಗದೆ ಹಿಡಿದು ಯಾರು ಬಂದರೂ ಸರಿ ಎಂದ, ಬಂದವನು ಭೀಮ. ಬಲ ಭೀಮನದು, ಅಭ್ಯಾಸ ದುರ್ಯೋಧನನದು ಎಂದು ಕೃಷ್ಣನೇ ಒಪ್ಪುತ್ತಾನೆ. ಹದಿಮೂರು ವರ್ಷ ಕಬ್ಬಿಣದ ಭೀಮನನ್ನು ಮಾಡಿಸಿಟ್ಟುಕೊಂಡು ಸಾಧನೆ ಮಾಡಿದವನು ಅವನು. ಕೊನೆಗೆ ಏಟು ಬಿದ್ದದ್ದು ಸೊಂಟದ ಕೆಳಗೆ, ತೊಡೆಗೆ. ಇಬ್ಬರಿಗೂ ಗುರುವಾದ ಬಲರಾಮ ನೇಗಿಲು ಎತ್ತಿ ಎದ್ದ, ಕೃಷ್ಣ ತಡೆದ. ಪಟ್ಟ ಭೀಮನ ಕಡೆಯವರಿಗೆ ಹೋಯಿತು. ಇದೇ ಗದಾಯುದ್ಧವನ್ನಿಟ್ಟುಕೊಂಡು ಭೀಮನನ್ನು ನಾಯಕ ಮಾಡಲು ಹೊರಟ ರನ್ನನ ಕಾವ್ಯದಲ್ಲೂ ಓದುಗರ ಮನಸ್ಸು ಕದಿಯುವುದು ದುರ್ಯೋಧನನೇ. ಸುಲಭದ ಜೋಡಿ ಎದುರಿಗಿದ್ದೂ ಅದನ್ನು ಕೈಗೆತ್ತಿಕೊಳ್ಳದವನನ್ನು ಜನ ಸಾವಿರ ವರ್ಷವಾದರೂ ಬಿಟ್ಟುಕೊಡುವುದಿಲ್ಲ.

ಇದೆಲ್ಲ ಹಳೆಯ ಮಾತು ಎನ್ನುವವರಿಗೆ ನಮ್ಮ ನಡುವಿನದೇ ಒಂದು ಪ್ರಸಂಗ. ಮೇರಿ ಕೋಮ್ ಆರು ಸಲ ವಿಶ್ವ ಚಾಂಪಿಯನ್, 2002ರಿಂದ 2018ರವರೆಗೆ. ಭಾರತದ ಬಾಕ್ಸಿಂಗ್ ಎಂದರೆ ಅವರೇ. 2019ರಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯಕ್ಕೆ ಟ್ರಯಲ್ಸ್ ಇಲ್ಲದೆ ಅವರನ್ನೇ ಕಳಿಸುವ ಮಾತು ಬಂದಾಗ, ನಿಜಾಮಾಬಾದಿನ ಯುವತಿ ನಿಖತ್ ಝರೀನ್ ಕ್ರೀಡಾ ಸಚಿವರಿಗೆ ಪತ್ರ ಬರೆದರು. ನನಗೂ ಅವಕಾಶ ಕೊಡಿ, ನ್ಯಾಯವಾಗಿ ಆಡಿಸಿ ಎಂದರು. ಆ ವರ್ಷ ಡಿಸೆಂಬರ್ 28ರಂದು ದೆಹಲಿಯಲ್ಲಿ ಟ್ರಯಲ್ಸ್ ನಡೆಯಿತು. ಮೇರಿ 9–1ರಿಂದ ಗೆದ್ದರು, ಕೈಕುಲುಕದೆ ನಡೆದರು. ಆ ದಿನ ನಿಖತ್ ಸೋತರು ಎನ್ನುವುದು ಸರಿ. ಆದರೆ ಜೋಡಿ ಕಟ್ಟಿಸಿಕೊಂಡರಲ್ಲ, ಲ್ಯಾಂಗ್‌ಫರ್ಡ್‌ಗೆ, ಬರ್ಲಿಗೆ ಇಡೀ ಬದುಕಿನಲ್ಲಿ ಆಗದ ಕೆಲಸ ಅದು. ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಅವರ ತಯಾರಿ ನಡೆಯಿತು. ಉಕ್ಕಿನ ಕಾರ್ಖಾನೆಯ ಪಕ್ಕ, ಅದಿರಿನ ಧೂಳಿನ ಸೀಮೆಯಲ್ಲಿ ಮುಷ್ಟಿ ಪಳಗಿತು. 2022ರ ಮೇ 19ರಂದು ಇಸ್ತಾಂಬುಲ್‌ನಲ್ಲಿ ನಿಖತ್ ವಿಶ್ವ ಚಾಂಪಿಯನ್, 2023ರಲ್ಲಿ ದೆಹಲಿಯಲ್ಲಿ ಮತ್ತೊಮ್ಮೆ. ಮೇರಿ ದೊಡ್ಡವರೇ. ಆ ಟ್ರಯಲ್ಸ್ ಇಲ್ಲದೆ ಹೋಗಿದ್ದರೆ ಅವರ ಪಟ್ಟಕ್ಕೂ ಒಂದು ಅಡಿಟಿಪ್ಪಣಿ ಅಂಟಿಕೊಳ್ಳುತ್ತಿತ್ತು.

ಇವತ್ತಿನ ವೃತ್ತಿಪರ ಬಾಕ್ಸಿಂಗಿನಲ್ಲಿ ಲೆಕ್ಕ ಇನ್ನೂ ಕೆಟ್ಟಿದೆ. ಹಿಂದೆ ಎಂಟು ತೂಕ, ಎಂಟು ಚಾಂಪಿಯನ್ನರು. ಈಗ ನಾಲ್ಕು ಸಂಸ್ಥೆಗಳೂ ಒಪ್ಪಿದ ತೂಕಗಳೇ ಹದಿನೇಳು, ಅವುಗಳಲ್ಲಿ ಪ್ರತಿ ತೂಕಕ್ಕೂ ನಾಲ್ಕು ಬೆಲ್ಟ್. ಎಂಟೇ ಪಟ್ಟಗಳಿದ್ದ ಕಾಲದಲ್ಲಿ ಹೆನ್ರಿ ಆರ್ಮ್‌ಸ್ಟ್ರಾಂಗ್ 1937ರ ಅಕ್ಟೋಬರಿನಿಂದ 1938ರ ಆಗಸ್ಟಿನೊಳಗೆ ಮೂರನ್ನು ಗೆದ್ದು ಒಟ್ಟಿಗೇ ಇಟ್ಟುಕೊಂಡಿದ್ದ. 1940ರಲ್ಲಿ ನಾಲ್ಕನೆಯದಕ್ಕೂ ಕೈ ಹಾಕಿ ಪಂದ್ಯ ಸಮವಾಯಿತು. ಅದಕ್ಕೇ ಅವನು ನನ್ನ ಮೂರನೆಯವನು, ಲೂಯಿ ನಾಲ್ಕನೆಯವನು.

ಐದನೆಯ ಜಾಗಕ್ಕೆ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಹೆಸರು ಬರೆಯಲು ಕೈ ತುಡಿಯುತ್ತಿದೆ. ಅವನು ಗೆದ್ದ ಊರುಗಳನ್ನು ನೋಡಿ. ಗ್ಲೊವಾಟ್ಸ್ಕಿಯನ್ನು ಪೋಲೆಂಡಿನಲ್ಲಿ, ಹುಕ್‌ನನ್ನು ಬರ್ಲಿನ್ನಿನಲ್ಲಿ, ಬ್ರೀಡಿಸ್‌ನನ್ನು ರೀಗಾದಲ್ಲಿ, ಗಾಸಿಯೇವ್‌ನನ್ನು ಮಾಸ್ಕೋದಲ್ಲಿ, ಬೆಲ್ಯೂನನ್ನು ಮ್ಯಾಂಚೆಸ್ಟರಿನಲ್ಲಿ, ಜೋಶುವಾನನ್ನು ಲಂಡನ್ನಿನಲ್ಲಿ. ಎಲ್ಲರನ್ನೂ ಅವರವರ ಮನೆಯಂಗಳಕ್ಕೇ ಹೋಗಿ ಸೋಲಿಸಿದವನು. 2024ರ ಮೇ 18ರಂದು ತನಗಿಂತ ಬಹಳ ದೊಡ್ಡ ಮೈಯ ಟೈಸನ್ ಫ್ಯೂರಿಯನ್ನು ಮಣಿಸಿ ನಾಲ್ಕೂ ಬೆಲ್ಟ್ ಒಂದು ಮಾಡಿದ, ಅದೇ ಡಿಸೆಂಬರಿನಲ್ಲಿ ಮತ್ತೆ ಸೋಲಿಸಿದ. ಬಾಣಾವರದ ಮೇವೆದರ್ ಅಭಿಮಾನಿ ಹುಡುಗನಿಗೆ ಈ ಊರುಗಳ ಪಟ್ಟಿ ಕೊಟ್ಟು, ನಿಮ್ಮವನು ಅಮೆರಿಕ ಬಿಟ್ಟು ಹೊರಗೆ ಹೋಗಿ ಪಟ್ಟಕ್ಕೆ ಆಡಿದ್ದು ಎಷ್ಟು ಸಲ ನೋಡಿಕೊಂಡು ಬಾ ಎಂದಿದ್ದೇನೆ. ಇನ್ನೂ ನೋಡುತ್ತಿದ್ದಾನೆ.